ತೂಕದ ಪುಸ್ತಕ

ಆರ್ತಿಕ್ ಊರಿನ ಕಲ್ಲುಗಣಿಯಲ್ಲಿ
ತೂಕದ ಲೆಕ್ಕ ಬರೆಯುವವ ನಾನು.
ನಸುಗೆಂಪು ಕಲ್ಲು,
ಯಾವ ಕಾಲದ್ದೋ ಬೆಂಕಿಬೆಟ್ಟದ ಬೂದಿ.
ಮಧ್ಯಾಹ್ನ ನಮಗೆ ಅದೇ ಮೇಜು, ಅದೇ ಕುರ್ಚಿ.

ಲವಾಶ್ ರೊಟ್ಟಿಯಲ್ಲಿ ಉಪ್ಪು ಚೀಸು ಸುತ್ತುತ್ತ
ಜಾವೆನ್ ತೆಗೆದ ಮಾತು:
"ಎಲ್ಲವನ್ನೂ ಮಾಡಬಲ್ಲವನು
ತಾನೇ ಎತ್ತಲಾರದ ಕಲ್ಲೊಂದನ್ನು
ಮಾಡಬಲ್ಲನೆ?"

ಪಾದ್ರಿಗಳಾದರೆ ಗಡ್ಡ ನೀವಿಕೊಳ್ಳುತ್ತಿದ್ದರು.
ನಮಗೋ, ಇದು ಕಸುಬಿನ ವಿಷಯ.
"ಕೆಂಪು ಕಲ್ಲೋ ಕರಿಯದೋ?"
"ಎಳೆ ಎತ್ತ ಓಡಿದೆ? ಸಿಕ್ಕರೆ
ಎತ್ತುವ ಉಸಾಬರಿ ಯಾಕೆ, ಸೀಳಿ ಸಾಗಿಸಿದರಾಯಿತು."
"ಕ್ರೇನಿಗೆ ಡೀಸೆಲ್ ಯಾರ ಖರ್ಚು?"
"ಮೊದಲು ಆರು ತಿಂಗಳು ಇಲ್ಲಿ ಬಂದು ಕಲಿಯಲಿ,
ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು."

ಮುಶೆಗ್ ಬಾಯೊರೆಸಿಕೊಂಡ:
"ಅವನಿಗೆ ನಾಳೆಯೂ ಗೊತ್ತಂತಲ್ಲ, ಸರಿ.
ನಾಳೆ ಯಾವ ಕಾಲಿಗೆ ನಾನು ಮೊದಲು ಬೂಟು ಹಾಕುತ್ತೇನೆ,
ಬರೆದು, ಲಕೋಟೆ ಅಂಟಿಸಿ ಕಳಿಸಲಿ.
ಓದುತ್ತೇನೆ, ಇನ್ನೊಂದು ಕಾಲಿಗೆ ಹಾಕುತ್ತೇನೆ."
"ನೀನು ಹಾಗೆ ಮಾಡುವುದೂ ಗೊತ್ತಿದ್ದರೆ?"
"ಲಕೋಟೆಯಲ್ಲಿ ಬರೆದದ್ದು ಸುಳ್ಳು, ಬರೆದವನು ಸುಳ್ಳ."
"ಏನೂ ಬರೆಯದಿದ್ದರೆ?"
"ಪುಕ್ಕಲ."
"ಬೂಟೇ ಹಾಕುವುದಿಲ್ಲ ಎಂದು ಬರೆದಿದ್ದರೆ?"
ಮುಶೆಗನ ದವಡೆ ನಿಂತಿತು.
(ಮರುದಿನ ಬಂದ. ಒಂದು ಕಾಲಲ್ಲಿ ಬೂಟು,
ಒಂದರಲ್ಲಿ ಹೆಂಡತಿಯ ಚಪ್ಪಲಿ.
ಯಾರೂ ಕೇಳಲಿಲ್ಲ.)

ಆಮೇಲೆ ಪಗಡೆ. ಅವನೆಸೆದರೆ ಎಲ್ಲವೂ ಆರು-ಆರು,
ಆಡುವುದೇ ದಂಡ.
"ಸೋಲುವ ಪಂದ್ಯ ಕಟ್ಟೋಣ," ಎಂದ ಜಾವೆನ್,
"ಸೋತವನೇ ಗೆದ್ದವನು.
ಎಷ್ಟು ಶಕ್ತಿಯಿದ್ದರೇನು,
ಸೋಲುವುದರಲ್ಲಿ ನಮ್ಮನ್ನು ಮೀರಿಸಿಯಾನೆ?"
ಇದಕ್ಕೆ ಎಲ್ಲರೂ ಒಂದೊಂದು ಗುಟುಕು ಕುಡಿದರು.

ಕೆಲಸ ಕಲಿಯಲು ಬಂದ ಹುಡುಗ ಒಬ್ಬನಿದ್ದ.
ಅವನಪ್ಪಣೆಯಿಲ್ಲದೆ ಹುಲ್ಲುಕಡ್ಡಿ ಅಲುಗದೆಂದು
ಅಜ್ಜಿ ಹೇಳಿದ್ದಳಂತೆ.
ಒಂದು ಕಡ್ಡಿ ಕಿತ್ತು ಹಿಡಿದು, ಉಫ್ ಎಂದ.
"ಈಗಷ್ಟೇ ಅಪ್ಪಣೆಯಾಯಿತು," ಎಂದೆವು.
ಉಫ್.
"ಇದಕ್ಕೂ ಆಯಿತು."
ಉಫ್ ಉಫ್ ಉಫ್, ಹುಡುಗನಿಗೆ ತಲೆ ಸುತ್ತುವವರೆಗೆ.
ನನಗೆ ಮರುಕ ಬಂದದ್ದು
ಮೇಲಿನ ಕಚೇರಿಯ ಗುಮಾಸ್ತನ ಮೇಲೆ,
ಮುದ್ರೆ ಒತ್ತಿ ಒತ್ತಿ ಅವನ ಹೆಬ್ಬೆರಳು ಏನಾಗಿರಬೇಡ.

ಸಾರು ಬಡಿಸುತ್ತಿದ್ದ ನ್ವಾರ್ದ್
ಅಲ್ಲಿಯವರೆಗೂ ತುಟಿ ಬಿಚ್ಚಿರಲಿಲ್ಲ.
"ಇದೆ ಆ ಕಲ್ಲು," ಎಂದಳು.
"ಗ್ಯೂಮ್ರಿಯಲ್ಲಿ. ಅರಾಕ್ಸಿಯ ಶಾಲೆಯದು, ಮೇಲ್ಮಹಡಿಯದು.
ನೆಲ ನಡುಗಿದಾಗ ಹನ್ನೊಂದು ನಲವತ್ತೊಂದು.
ಮೂರು ಹಗಲು ಮೂರು ರಾತ್ರಿ ಕಾದೆ.
ಎತ್ತಲಿಲ್ಲ.
ಎತ್ತಲಾರದೆಯೋ, ಎತ್ತಲೊಲ್ಲದೆಯೋ,
ನೀವು ಬೇಕಾದರೆ ವಾದ ಮಾಡಿಕೊಳ್ಳಿ.
ನಾನಂತೂ ಎತ್ತಲಾರದೆ ಎಂದೇ ಇಟ್ಟುಕೊಂಡಿದ್ದೇನೆ.
ಪಾಪ, ಅವನ ಕೈಲಾಗಲಿಲ್ಲ.
ಇಲ್ಲದಿದ್ದರೆ ಭಾನುವಾರ
ಹೇಗೆ ಹೋಗಿ ಮೇಣದಬತ್ತಿ ಹಚ್ಚಲಿ?"

ಮುಶೆಗನ ಬಟ್ಟಲಿಗೆ ಇನ್ನೊಂದು ಸೌಟು ಹಾಕಿದಳು.
ಅವನು ಬೇಡವೆನ್ನುವುದರೊಳಗೆ ಸೈರನ್ ಕೂಗಿತು.

ಅಂದು ಸಂಜೆ ಪುಸ್ತಕದಲ್ಲಿ
ಒಂದು ಸಾಲು ಹೆಚ್ಚಿಗೆ ಬರೆದೆ.
ಕಲ್ಲು: ಒಂದು. ಬಣ್ಣ: ನಸುಗೆಂಪು.
ತೂಕ: ಖಾಲಿ ಬಿಟ್ಟೆ.
ಎತ್ತಿದವರು: ನ್ವಾರ್ದ್, ದಿನವೂ.

ತಿಂಗಳ ಕೊನೆಗೆ ಯೆರೆವಾನಿನಿಂದ ಪುಸ್ತಕ ವಾಪಸು ಬಂದಿದೆ.
ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನೆ:
ಇದರ ಸಾಗಾಟದ ರಸೀದಿ ಎಲ್ಲಿ?